ಐವತ್ತೆಂಟು ಪುಟಗಳ ತಲೆಬರಹ

ಆಸ್ಪತ್ರೆಯ ವಿಚಾರಣೆ ಕಿಟಕಿಯ ಹಿಂದೆ ಇಪ್ಪತ್ತೆರಡು ವರ್ಷದಿಂದ ಕೂತಿದ್ದ ಹೆಂಗಸನ್ನು ಎಲ್ಲರೂ ವಿಚಾರಣೆಯಕ್ಕ ಎನ್ನುತ್ತಿದ್ದರು. ಅವರಿಗೆ ಹುಟ್ಟಿನಿಂದ ಕಣ್ಣು ಕಾಣದು. ಕಿಟಕಿಯಾಚೆ ನಿಂತವರಲ್ಲಿ ಅರ್ಧದಷ್ಟು ಜನಕ್ಕೆ ಇದು ಗೊತ್ತೇ ಆಗುತ್ತಿರಲಿಲ್ಲ. ಫೋನಿನಲ್ಲಿ ಕೇಳುವವರಿಗಂತೂ ಗೊತ್ತಾಗುವ ಪ್ರಮೇಯವೇ ಇರಲಿಲ್ಲ. ಮೂಳೆ ಡಾಕ್ಟರು ಯಾವ ವಾರ ಬರುತ್ತಾರೆ, ಯಾವ ರಕ್ತಪರೀಕ್ಷೆಗೆ ಖಾಲಿ ಹೊಟ್ಟೆ ಬೇಕು, ಹೆರಿಗೆ ವಾರ್ಡಿಗೆ ಗಂಡಂದಿರನ್ನು ಎಷ್ಟು ಹೊತ್ತಿಗೆ ಬಿಡುತ್ತಾರೆ, ಬಿಟ್ಟ ಮೇಲೆ ಎಷ್ಟು ಹೊತ್ತು ಸಹಿಸುತ್ತಾರೆ, ಎಲ್ಲವೂ ನಾಲಗೆಯ ತುದಿಯಲ್ಲಿತ್ತು. ಹೊಸದಾಗಿ ಸೇರಿದ ಡಾಕ್ಟರುಗಳು ತಮ್ಮ ರೂಮು ಯಾವುದೆಂದು ಮೊದಲು ಅವರಿಂದಲೇ ತಿಳಿದುಕೊಳ್ಳುತ್ತಿದ್ದರು.

ನಾಲಗೆಯ ತುದಿ ಒಮ್ಮೆ ಜಾರಿತು. ಕಿವಿ ಡಾಕ್ಟರ ಮಂಗಳವಾರ ಶುಕ್ರವಾರಕ್ಕೆ ಹೋದದ್ದನ್ನು ಒಂದು ಕಾಗದದಲ್ಲಿ ಬರೆದು ಗೋಡೆಗೆ ಅಂಟಿಸಿದ್ದರು. ಗೋಡೆಗೆ ಅಂಟಿಸಿದ ಕಾಗದ ಮಾತಾಡುವುದಿಲ್ಲ. ಅಕ್ಕ ಫೋನಿನಲ್ಲಿ ಒಬ್ಬ ಮುದುಕರಿಗೆ "ಮಂಗಳವಾರ ಬನ್ನಿ ಯಜಮಾನ್ರೇ" ಎಂದರು. ಅವರು ಎರಡು ಬಸ್ಸು ಬದಲಿಸಿ ಬಂದು, ಬೀಗ ಹಾಕಿದ ಬಾಗಿಲ ಮುಂದೆ ಮಧ್ಯಾಹ್ನದವರೆಗೆ ಕೂತಿದ್ದು, ಒಂದು ಟೀ ಕುಡಿದು ವಾಪಸು ಹೋದರು. ಮುದುಕರು ಅದನ್ನು ಮರೆತಿರಬಹುದು. ಅಕ್ಕ ಮರೆಯಲಿಲ್ಲ.

ಅಧೀಕ್ಷಕಿ ಮೇಡಂ ಕೆಟ್ಟವರಲ್ಲ. ಆದರೆ ಸರಿಯಾದದ್ದನ್ನೇ ಹೇಳುವವರಿಗೆ ಇರುವ ಒಂದು ಒರಟುತನ ಅವರಿಗಿತ್ತು. "ಇನ್ಮೇಲೆ ಬಾಯಿಪಾಠ ಬೇಡ. ನಮ್ಮ ಜಾಲತಾಣದಲ್ಲಿ ಏನಿದೆಯೋ ಅದನ್ನ ನೋಡಿ ಹೇಳಬೇಕು" ಎಂದರು. 'ನೋಡಿ' ಎಂದದ್ದು ಅವರಿಗೇ ಕೇಳಿಸಿ, ಸ್ವಲ್ಪ ತಡೆದು, "ಕೇಳಿ ಹೇಳಬೇಕು" ಎಂದು ತಿದ್ದಿಕೊಂಡರು. ಬರುವ ಗುರುವಾರ ಒಂದು ಪರೀಕ್ಷೆ. ಹತ್ತು ಕರೆ, ಒಂದೊಂದಕ್ಕೆ ಒಂದು ನಿಮಿಷ. ಆಗದಿದ್ದರೆ ಅಕ್ಕನಿಗೆ ಬಟ್ಟೆ ಉಗ್ರಾಣದಲ್ಲಿ ಹಗುರವಾದ ಕೆಲಸ. ಹೊದಿಕೆ, ದಿಂಬಿನ ಚೀಲ ಮಡಚುವುದು.

"ವಿಚಾರಣೆಗೇ ವಿಚಾರಣೆ ಬಂತು" ಎಂದು ಔಷಧಿ ಕೌಂಟರಿನವರು ನಕ್ಕರು. ನಕ್ಕ ಮೇಲೆ ಯಾಕೋ ಯಾರಿಗೂ ಸಮಾಧಾನವಾಗಲಿಲ್ಲ.

ಬಟ್ಟೆ ಉಗ್ರಾಣದಲ್ಲಿ ಆಗಲೇ ಒಬ್ಬರಿದ್ದರು: ಅಕ್ಕನ ಗಂಡ. ಇಪ್ಪತ್ತೈದು ವರ್ಷ ಎಕ್ಸ್‌ರೇ ವಿಭಾಗದ ಕತ್ತಲೆ ಕೋಣೆಯಲ್ಲಿ ಫಿಲಂ ತೊಳೆದವರು. ಫಿಲಂ ಹೋಗಿ ಕಂಪ್ಯೂಟರ್ ಬಂದಾಗ ಅವರನ್ನು ಉಗ್ರಾಣಕ್ಕೆ ಕಳಿಸಿದರು. ಕತ್ತಲಿನಿಂದ ಬಿಳುಪಿಗೆ ಬಂದೆ ಎಂದು ಅವರೇ ಹೇಳಿಕೊಳ್ಳುತ್ತಿದ್ದರು. ಮದುವೆಯಾದ ಹೊಸತರಲ್ಲಿ ಯಾರೋ, "ಅವರಿಗೆ ಕಾಣೋದಿಲ್ಲ, ಇವರು ಕೂತಲ್ಲಿ ಬೆಳಕಿಲ್ಲ, ಜೋಡಿ ಅಂದ್ರೆ ಇದು" ಎಂದಿದ್ದರಂತೆ. ಗಂಡ ಹೆಂಡತಿ ಅದನ್ನು ಹೊಗಳಿಕೆ ಎಂದೇ ತೆಗೆದುಕೊಂಡಿದ್ದರು.

ಆ ಸಂಜೆ ಅಡುಗೆಮನೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತ ಅಕ್ಕ ವಿಷಯ ಹೇಳಿದರು.

"ಬಂದ್ರೇನೀಗ? ನಾನಿಲ್ವಾ ಅಲ್ಲಿ?" ಎಂದರು ಗಂಡ.

"ಅದೇ ರೀ ಭಯ. ಮನೇಲೂ ನೀವು, ಅಲ್ಲೂ ನೀವು."

"ಕುರ್ಚಿ ಒರೆಸಿಟ್ಟಿದ್ದೀನಿ ಕಣೇ. ಒಂದು ಕಾಲು ಆಡ್ತಿತ್ತು, ಅದರ ಕೆಳಗೆ ರಟ್ಟು ಮಡಚಿ ಕೊಟ್ಟಿದ್ದೀನಿ. ಕಿಟಕಿ ಹತ್ರ. ಗಾಳಿ ಬರುತ್ತೆ."

ಅಕ್ಕನ ಕೈ ನಿಂತಿತು. ಪರೀಕ್ಷೆಯ ವಿಷಯ ಮೇಡಂ ಹೇಳಿದ್ದು ಮಧ್ಯಾಹ್ನ ಮೂರಕ್ಕೆ. ಸಂಜೆಯೊಳಗೆ ಕುರ್ಚಿ ಸಿದ್ಧ! ಆಸ್ಪತ್ರೆಯಲ್ಲಿ ಸುದ್ದಿ ಆಂಬುಲೆನ್ಸಿಗಿಂತ ವೇಗ.

"ಮಡಚೋಕೆ ಕಣ್ಣು ಬೇಡ ಅಂದ್ರು ಮೇಡಂ. ಸರಿನೇ. ಬಾಯೂ ಬೇಡ, ಕಿವೀನೂ ಬೇಡ. ಇನ್ನು ನಾನ್ಯಾಕೆ ಬೇಕು ರೀ ಅಲ್ಲಿ?"

ಗಂಡ ಬೆಳ್ಳುಳ್ಳಿಯ ಬಟ್ಟಲನ್ನು ತಮ್ಮ ಕಡೆಗೆ ಎಳೆದುಕೊಂಡು ಉಳಿದದ್ದನ್ನು ಸುಲಿದರು.

ಆಸ್ಪತ್ರೆಯ ಜಾಲತಾಣ ನೋಡಿಕೊಳ್ಳುತ್ತಿದ್ದವನಿಗೆ ಜೇಡಪ್ಪ ಎಂದು ಹೆಸರು ಬಿದ್ದಿತ್ತು. ಜಾಲದ ನಡುವೆ ಅಲುಗದೆ ಕೂತಿರುತ್ತಾನೆ ಎಂದು. ಮೊದಲು ಹದಿನಾರು ವರ್ಷ ಹಳೆಯ ಕಡತಗಳ ಕೋಣೆಯಲ್ಲಿದ್ದ. ಮೂರು ವಾರದ ತರಬೇತಿಗೆ ಹೋಗಿ ಬಂದ ಮೇಲೆ ಅದೇ ಕೋಣೆಯ ಬಾಗಿಲಿಗೆ 'ಜಾಲತಾಣ ವಿಭಾಗ' ಎಂಬ ಹಲಗೆ ಬಂತು. ಒಳಗೆ ಕಡತಗಳ ವಾಸನೆ ಹಾಗೇ ಉಳಿಯಿತು. ಕಣ್ಣು ಕಾಣದವರಿಗೆ, ಕಿವಿ ಕೇಳದವರಿಗೆ, ಕೈ ನಡುಗುವವರಿಗೆ, ಎಲ್ಲರಿಗೂ ಜಾಲತಾಣ ಎಟುಕಬೇಕು ಎಂದು ಹೇಳುವ ಮಾರ್ಗಸೂಚಿಯೊಂದಿದೆ. ಅದನ್ನು ಜಾರಿಗೆ ತರುವುದು ಅವನ ಹೊಣೆ. ಮೂರು ತಿಂಗಳಿಂದ ಅದೇ ಕೆಲಸದಲ್ಲಿದ್ದ. ಗೋಡೆಯ ಮೇಲೆ ಕೆಂಪಕ್ಷರದಲ್ಲಿ, ಮಾರ್ಗಸೂಚಿಯ ಅತಿ ಮೇಲಿನ ದರ್ಜೆಯಾದ ಮೂರು 'ಎ' ಬರೆದು ಅಂಟಿಸಿದ್ದ.

ಮರುದಿನ ಬೆಳಿಗ್ಗೆ ಅಕ್ಕ ಅವನ ಕೋಣೆಗೆ ಬಂದಾಗ, "ಅಕ್ಕಾ, ನಿಮಗೆ ಯೋಚನೆನೇ ಬೇಡ" ಎಂದ. "ನಾನು ಮೇಲಿನ ದರ್ಜೆಯಿಂದಲೇ ಶುರು ಮಾಡಿದ್ದೀನಿ. ನಿರ್ದೇಶಕರ ಭಾಷಣ ಇದೆಯಲ್ಲ, ಅದರ ಮೂಲೇಲಿ ಒಬ್ಬರು ನಿಂತು ಕೈಸನ್ನೆಯಲ್ಲಿ ಎಲ್ಲ ಹೇಳ್ತಾರೆ. ಅಕ್ಷರದ ಬಣ್ಣಕ್ಕೂ ಹಿನ್ನೆಲೆ ಬಣ್ಣಕ್ಕೂ ಏಳಕ್ಕೊಂದು ವ್ಯತ್ಯಾಸ, ಕಣ್ಣು ಮಂಜಾದೋರಿಗೂ ಕಾಣೋ ಹಾಗೆ. ಕಷ್ಟದ ಪದಕ್ಕೆಲ್ಲ ಉಚ್ಚಾರಣೆ."

"ಭಾಷಣ ಯಾರಾದ್ರೂ ಕೇಳಿದ್ರಾ?"

"ಏಳು ಜನ. ಒಂದು ಸಲ ನಾನೇ."

ಅಕ್ಕ ಕೀಲಿಮಣೆಯನ್ನು ಹತ್ತಿರ ಎಳೆದುಕೊಂಡರು. ಅವರ ಕಂಪ್ಯೂಟರಿನಲ್ಲಿ ತೆರೆಯ ಮೇಲಿರುವುದನ್ನು ಗಟ್ಟಿಯಾಗಿ ಓದುವ ತಂತ್ರಾಂಶವೊಂದಿತ್ತು. ಅದಕ್ಕೆ ಅವರಿಟ್ಟ ಹೆಸರು ಗಿಳಿ. ಅದೇ ಗಿಳಿಯನ್ನು ಜೇಡಪ್ಪನ ಕಂಪ್ಯೂಟರಿಗೂ ಹಾಕಿಸಿ, ಐದು ಪುಟ ತೆರೆದು, ಒಂದರಿಂದ ಒಂದಕ್ಕೆ ದಾಟತೊಡಗಿದರು.

"ಮುಖಪುಟ" ಎಂದಿತು ಗಿಳಿ. ಮುಂದಿನದಕ್ಕೆ ಹೋದರೆ, "ಮುಖಪುಟ." ಅದರ ಮುಂದಿನದಕ್ಕೆ, "ಮುಖಪುಟ."

"ಐದೂ ಬೇರೆ ಬೇರೆ ಪುಟಾನೇ ಅಕ್ಕಾ! ಒಂದು ಕಿವಿ, ಒಂದು ಮೂಳೆ, ಒಂದು ಹೆರಿಗೆ. ಪ್ರತಿಯೊಂದರ ಮೇಲೂ ಇಷ್ಟು ದಪ್ಪಕ್ಷರದಲ್ಲಿ ಬರೆದಿದ್ದೀನಿ."

"ಅದು ಮನೆಯೊಳಗೆ ನೇತುಹಾಕಿದ ಫೋಟೋ ಕಣೋ. ಅಲ್ಲೀತನಕ ಹೋಗೋಕೆ ಮೂವತ್ತೊಂದು ಕೊಂಡಿ, ಅದೇ ನಿನ್ನ ಲಿಂಕು, ಕೇಳಿಸ್ಕೊಂಡು ದಾಟಬೇಕು. ಅಷ್ಟರಲ್ಲಿ ಫೋನಲ್ಲಿರೋರು ಗುಣವಾಗಿ ಮನೆಗೆ ಹೋಗಿರ್ತಾರೆ. ನಾನು ಕೇಳ್ತಿರೋದು ಬಾಗಿಲ ಮೇಲಿನ ಹೆಸರು. ಪುಟ ತೆರೆದ ಕೂಡಲೆ ಗಿಳಿ ಮೊದಲು ಹೇಳುತ್ತಲ್ಲ, ಅದು."

ಜೇಡಪ್ಪ ತೆರೆಯ ತುತ್ತತುದಿಗೆ ಮೂಗು ತಾಗಿಸಿ ನೋಡಿದ. ಪುಟಗಳ ಕಿವಿಯಂತೆ ಸಾಲಾಗಿ ನಿಂತ ಪುಟ್ಟ ಪಟ್ಟಿಗಳಲ್ಲಿ ಸಣ್ಣ ಅಕ್ಷರ: ಮುಖಪುಟ, ಮುಖಪುಟ, ಮುಖಪುಟ. ಮೊದಲ ಪುಟವನ್ನು ಮಾಡಿ, ಅದನ್ನೇ ನಕಲು ಮಾಡಿ ಮಾಡಿ ಐವತ್ತೆಂಟಾಗಿಸಿದ್ದ. ಒಳಗಿನದೆಲ್ಲ ಬದಲಾಗಿತ್ತು, ಈ ಒಂದು ಸಾಲು ಬಿಟ್ಟು.

"ಕಣ್ಣಿದ್ದೋರು ಯಾರೂ ಇದನ್ನ ನೋಡೋದೇ ಇಲ್ಲ ಅಕ್ಕಾ."

"ಕಣ್ಣಿಲ್ಲದೋರು ಇದನ್ನೇ ಮೊದಲು ಕೇಳೋದು. ಐವತ್ತೆಂಟಕ್ಕೂ ಒಂದೇ ತಲೆಬರಹ ಬರೆದಿಟ್ಟಿದ್ದೀಯಲ್ಲೋ! ಬ್ರಹ್ಮನೂ ಇಷ್ಟು ಸೋಮಾರಿಯಲ್ಲ."

ಜೇಡಪ್ಪನಿಗೆ ಪೆಟ್ಟಾಯಿತು. ಅವನು ಸೋಮಾರಿಯಲ್ಲ, ಕ್ರಮದ ಮನುಷ್ಯ. ಮಾರ್ಗಸೂಚಿಯನ್ನು ಪೂರ್ತಿ ಮುದ್ರಿಸಿ, ಒಂದೊಂದು ನಿಯಮವನ್ನೂ ಕತ್ತರಿಸಿ, ಮೂರು ಕಡತ ಮಾಡಿದ್ದ. ಮೇಲೆ ಕೆಂಪು ಕಡತ, ಮೂರು ಎ. ನಡುವೆ ಹಳದಿ, ಎರಡು ಎ. ಎಲ್ಲಕ್ಕಿಂತ ಕೆಳಗೆ, ಹಳೆಯ ಟೈಪ್‌ರೈಟರಿನ ಭಾರದಡಿ, ಒಂದು ಎ.

"ಇರಲಿ, ಆ ನಿಯಮ ಎಲ್ಲಿದೆ ಹುಡುಕು" ಎಂದರು ಅಕ್ಕ.

ಅವನು ಮೊದಲು 'ಕಾಣಬೇಕು, ಕೇಳಬೇಕು' ಎಂಬ ಭಾಗದಲ್ಲಿ ಹುಡುಕಿದ, ಅಲ್ಲಿರಲಿಲ್ಲ. 'ಅರ್ಥವಾಗಬೇಕು' ಎಂಬ ಭಾಗದಲ್ಲಿ ಹುಡುಕಿದ, ಅಲ್ಲೂ ಇರಲಿಲ್ಲ. ಕೊನೆಗೆ ಟೈಪ್‌ರೈಟರ್ ಎತ್ತಿಟ್ಟು ತಳದ ಕಡತದಿಂದ ಒಂದು ಚೀಟಿ ತೆಗೆದ. "ಸಿಕ್ತು. ಎರಡು, ನಾಲ್ಕು, ಎರಡು."

"ಹಾಗಂದ್ರೆ?"

"ಎರಡನೇ ಭಾಗ, ನಾಲ್ಕನೇ ಗುಂಪು, ಎರಡನೇ ನಿಯಮ."

"ಎರಡನೇ ಬ್ಲಾಕು, ನಾಲ್ಕನೇ ವಾರ್ಡು, ಎರಡನೇ ಹಾಸಿಗೆ ಅನ್ನು. ಯಾವ ಬ್ಲಾಕಪ್ಪ ಅದು?"

ಆಸ್ಪತ್ರೆಯಲ್ಲಿ ಹದಿನಾರು ವರ್ಷ ಕಡತ ಜೋಡಿಸಿದವನಿಗೆ ಈ ಭಾಷೆ ಕೂಡಲೆ ಹತ್ತಿತು. "ಒಂದನೇ ಬ್ಲಾಕು, ಪುಟದಲ್ಲಿರೋದು ಕಣ್ಣಿಗೋ ಕಿವಿಗೋ ಸಿಗಬೇಕು. ಎರಡನೇದು, ಅದನ್ನ ಬಳಸೋಕೆ ಬರಬೇಕು. ಮೂರನೇದು, ತಿಳೀಬೇಕು. ನಾಲ್ಕನೇದು, ಯಾವ ಯಂತ್ರದಲ್ಲಿ ತೆರೆದ್ರೂ ಮುರೀಬಾರದು. ಇದು ಎರಡನೇ ಬ್ಲಾಕಲ್ಲಿದೆ. ನಾಲ್ಕನೇ ವಾರ್ಡು ಅಂದ್ರೆ..." ಚೀಟಿಯನ್ನು ತಿರುಗಿಸಿದ. "ದಾರಿ ಹುಡುಕಿಕೊಳ್ಳೋದು. ತಾನೆಲ್ಲಿದ್ದೀನಿ ಅಂತ ಗೊತ್ತಾಗೋದು."

"ನೋಡು ಮತ್ತೆ. ನೀನು ಕಾಣೋ ಕೇಳೋ ಬ್ಲಾಕಲ್ಲಿ ಹುಡುಕ್ತಿದ್ದೆ, ಅದು ದಾರಿ ವಾರ್ಡಲ್ಲಿ ಮಲಗಿತ್ತು. ಪಕ್ಕದ ಹಾಸಿಗೇಲಿ ಯಾರು?"

"ಎರಡು, ನಾಲ್ಕು, ಒಂದು. ಪ್ರತಿ ಪುಟದಲ್ಲೂ ಬರೋ ಅದೇ ಕೊಂಡಿಗಳನ್ನ ಹಾರಿಸಿ ಮುಂದೆ ಹೋಗೋ ದಾರಿ ಇರಬೇಕು." ಅವನ ದನಿ ಸ್ವಲ್ಪ ತಗ್ಗಿತು. "ಮೂವತ್ತೊಂದು ಕೊಂಡಿ ಅಂದ್ರಲ್ಲ ನೀವು, ಅದೇ."

"ನೆರೆಹೊರೆ ಚೆನ್ನಾಗಿದೆ. ಇಬ್ಬರನ್ನೂ ಯಾಕೋ ತಳಕ್ಕೆ ಹಾಕಿದ್ದೆ?"

"ಒಂದೇ ಎ ಅಲ್ವಾ ಅಕ್ಕಾ! ತುರ್ತಿಲ್ಲ."

ಇಲ್ಲಿ ಒಂದು ಮಾತು ಹೇಳಬೇಕು. ಆ ಆಸ್ಪತ್ರೆಯ ತುರ್ತು ಚಿಕಿತ್ಸೆಯಲ್ಲಿ ಬಂದವರ ಚೀಟಿಗೆ ನಕ್ಷತ್ರ ಹಾಕುವ ಪದ್ಧತಿಯಿತ್ತು. ಒಂದು ನಕ್ಷತ್ರವಾದರೆ ಬೆಂಚಿನ ಮೇಲೆ ಕೂತಿರಬಹುದು. ಎರಡಾದರೆ ಗಾಲಿಮಂಚ. ಮೂರಾದರೆ ಎಲ್ಲರೂ ಓಡಬೇಕು. ಹದಿನಾರು ವರ್ಷ ಮೂರು ನಕ್ಷತ್ರದ ಚೀಟಿಗಳನ್ನು ಮೇಲಿಟ್ಟು, ಒಂದು ನಕ್ಷತ್ರದವನ್ನು ತಳಕ್ಕೆ ತಳ್ಳಿದ ಕೈ ಅವನದು. ಬೇರೆ ಯಾವ ಊರಿನ ಯಾವ ಜಾಣನೂ ಮಾಡಲಾರದ ತಪ್ಪನ್ನು ಅವನು ಅಭ್ಯಾಸಬಲದಿಂದ ಮಾಡಿದ್ದ.

ಅಕ್ಕ, "ದರ್ಜೆ ಅಂದ್ರೇನು ಅಂತ ಆ ಪುಸ್ತಕದಲ್ಲೇ ಎಲ್ಲೋ ಬರೆದಿರ್ಬೇಕಲ್ಲ?" ಎಂದರು.

"ಮೊದಲ ಪುಟಗಳಲ್ಲಿ ಏನೋ ಇತ್ತು. ಮುನ್ನುಡಿ ಥರ."

"ಓದಿದ್ಯಾ?"

"ಮುನ್ನುಡಿ ಯಾರು ಓದ್ತಾರಕ್ಕಾ?"

"ಇವತ್ತು ನೀನು ಓದ್ತೀಯ. ಗಟ್ಟಿಯಾಗಿ."

ಓದಿದ. ಒಂದು ಎ ಎಂದರೆ ಕನಿಷ್ಠ. ಇದಿಲ್ಲದಿದ್ದರೆ ಏನೂ ಇಲ್ಲ. ಎರಡು ಎ ಎನ್ನಬೇಕಾದರೆ ಒಂದು ಎ ಪೂರ್ತಿ ಆಗಿರಬೇಕು. ಮೂರು ಎ ಎನ್ನಬೇಕಾದರೆ ಕೆಳಗಿನ ಎರಡೂ ಪೂರ್ತಿ ಆಗಿರಬೇಕು. ಓದುತ್ತ ಓದುತ್ತ ಅವನ ದನಿ ಗಿಳಿಯ ದನಿಯಂತೆಯೇ ಏರಿಳಿತವಿಲ್ಲದಾಯಿತು. ಮುಗಿಸಿ, ಗೋಡೆಯ ಮೇಲಿನ ಕೆಂಪು ಎ-ಗಳನ್ನು ನೋಡಿದ.

"ಹಾಗಾದ್ರೆ ನಮಗೆ ಮೂರು ಎ ಇಲ್ವಾ?"

"ಒಂದೂ ಇಲ್ಲ ಕಣಪ್ಪ. 'ಅ' ಕಲೀದೆ ಕಾಗುಣಿತ ಬರೆದ ಹಾಗಾಯ್ತು. ಇರಲಿ ಬಿಡು, ಭಾಷಣ ಏಳು ಜನ ಕೇಳಿದ್ರಲ್ಲ."

ಜೇಡಪ್ಪ ಎದ್ದು ಹೋಗಿ ಗೋಡೆಯಿಂದ ಎರಡು ಎ ಕಿತ್ತ. ಮೂರನೆಯದನ್ನೂ ಹಿಡಿದು ನೋಡಿ, "ಇದು ಗುರುವಾರದವರೆಗೆ ಇರ್ಲಿ. ಸಂಪಾದಿಸ್ಕೋತೀನಿ" ಎಂದ. ಅಕ್ಕನಿಗೆ ಅವನ ಮೇಲೆ ಮೊದಲಿನಿಂದಲೂ ಇದ್ದ ಅಕ್ಕರೆ ಅಲ್ಲಿಗೆ ಇನ್ನೂ ಒಂದು ಹಿಡಿ ಹೆಚ್ಚಾಯಿತು.

ಸೋಮವಾರ ಮಧ್ಯಾಹ್ನ, ಕಿಟಕಿ ಮುಚ್ಚುವ ಹೊತ್ತಿನಲ್ಲಿ, ತಲೆಬರಹ ಬರೆಯಲು ಕೂತರು. ಜೇಡಪ್ಪ ಮೊದಲನೆಯದನ್ನು ಬರೆದು ಹೆಮ್ಮೆಯಿಂದ ಗಿಳಿಗೆ ಕೊಟ್ಟ. "ಸಾರ್ವಜನಿಕ ಆಸ್ಪತ್ರೆಯ ಅಧಿಕೃತ ಜಾಲತಾಣಕ್ಕೆ ತಮಗೆ ಆದರದ ಸುಸ್ವಾಗತ, ಕಿವಿ ಮೂಗು ಗಂಟಲು" ಎಂದಿತು ಗಿಳಿ.

"ಸ್ವಾಗತ ಮಾಡೋದರಲ್ಲೇ ಎಂಟು ಸೆಕೆಂಡು ಹೋಯ್ತಲ್ಲೋ. ಐವತ್ತೆಂಟು ಬಾಗಿಲಲ್ಲೂ ನಿಂತು ಕೈಮುಗೀತೀಯಾ?"

"ಹೆಸರಿಲ್ಲದೆ ಹೇಗಕ್ಕಾ? ಆಸ್ಪತ್ರೆ ಅಂತ ಗೊತ್ತಾಗ್ಬೇಕಲ್ಲ!"

ಆಗ ಬಾಗಿಲಲ್ಲಿ ಅಕ್ಕನ ಗಂಡ ನಿಂತಿದ್ದರು. ಕಿಟಕಿಯ ಪರದೆ ಒಗೆಯಲು ಒಯ್ಯಬೇಕು ಎಂದು ಬಂದಿದ್ದರು. ಆ ಪರದೆಯನ್ನು ಆರು ವರ್ಷದಿಂದ ಯಾರೂ ಒಗೆದಿರಲಿಲ್ಲ.

"ಭಾವ, ನೀವೇ ಹೇಳಿ" ಎಂದ ಜೇಡಪ್ಪ.

ಭಾವ ಪರದೆಯನ್ನು ತೋಳಿಗೆ ಹಾಕಿಕೊಂಡು ಯೋಚಿಸಿದರು. "ಫಿಲಂ ಮೂಲೇಲಿ ನಾವು ಸೀಸದ ಅಕ್ಷರ ಜೋಡಿಸ್ತಿದ್ವಿ. ಮೊದಲು ರೋಗಿ ಹೆಸರು. ಆಮೇಲೆ ಎಡ ಅಥವಾ ಬಲ. ಆಮೇಲೆ ತಾರೀಖು. ಜಾಗ ಮಿಕ್ಕಿದ್ರೆ ಆಸ್ಪತ್ರೆ. ಕೈ ಮುರಿದೋನಿಗೆ ತಾನು ಆಸ್ಪತ್ರೇಲಿದ್ದೀನಿ ಅಂತ ಗೊತ್ತಿರುತ್ತಪ್ಪ. ಯಾವ ಕೈ ಅನ್ನೋದು ಡಾಕ್ಟರಿಗೆ ಗೊತ್ತಾಗ್ಬೇಕು."

ಅಲ್ಲಿಗೆ ತೀರ್ಮಾನವಾಯಿತು. ಬೇರೆ ಯಾವ ಪುಟಕ್ಕೂ ಅನ್ವಯಿಸದ ಮಾತು ಮೊದಲು, ಎಲ್ಲ ಪುಟಕ್ಕೂ ಅನ್ವಯಿಸುವ ಆಸ್ಪತ್ರೆ ಕೊನೆಗೆ. 'ಕಿವಿ ಮೂಗು ಗಂಟಲು: ಹೊರರೋಗಿ ಸಮಯ, ಆಸ್ಪತ್ರೆ.' 'ರಕ್ತಪರೀಕ್ಷೆ: ತಿಂದು ಬರಬೇಕೆ?, ಆಸ್ಪತ್ರೆ.' 'ಹೆರಿಗೆ ವಾರ್ಡು: ಭೇಟಿ ಸಮಯ, ಆಸ್ಪತ್ರೆ.' ಭಾವ ಪರದೆಯನ್ನು ಮರೆತು ಮೂರು ದಿನವೂ ಮಧ್ಯಾಹ್ನ ಬಂದು ಕೂತರು. ಒಂದು ಪದ ಹೆಚ್ಚಾದರೆ ಸೀಸದ ಅಕ್ಷರ ತೆಗೆದಿಡುವಂತೆ ಬೆರಳಾಡಿಸಿ, "ಇದು ಬೇಡ" ಎನ್ನುತ್ತಿದ್ದರು. ಜೇಡಪ್ಪ ಒತ್ತುತ್ತಿದ್ದ. ಅಕ್ಕ ಗಿಳಿಯ ಬಾಯಲ್ಲಿ ಕೇಳಿ, "ಹೂಂ" ಅಥವಾ "ಊಹೂಂ" ಎನ್ನುತ್ತಿದ್ದರು.

ಮಂಗಳವಾರ ಮೆಟ್ಟಿಲಿಳಿಯುತ್ತ ಅಕ್ಕ ಕೇಳಿದರು: "ಏನ್ರೀ, ಕುರ್ಚಿ ಒರೆಸಿಟ್ಟೋರು ನೀವು. ಈಗ ನಾನು ಅಲ್ಲಿಗೆ ಬರದೇ ಇರೋ ಹಾಗೆ ಕಷ್ಟಪಡ್ತಿದ್ದೀರಲ್ಲ."

"ಕಿವೀನೂ ಬೇಡದ ಕಡೆ ನಾನ್ಯಾಕೆ ಅಂದ್ಯಲ್ಲ ಅವತ್ತು, ಅದು ಸರಿ ಅನ್ನಿಸ್ತು" ಎಂದರು ಗಂಡ. ಇನ್ನೆರಡು ಮೆಟ್ಟಿಲು ಇಳಿದ ಮೇಲೆ, "ಕುರ್ಚಿ ಇದ್ದೇ ಇರುತ್ತೆ ಬಿಡು" ಎಂದರು.

ಬುಧವಾರ ಒಂದೇ ಒಂದು ಪುಟ ಉಳಿದಿದ್ದಾಗ ಅಕ್ಕನಿಗೆ ಕಿಟಕಿಯಿಂದ ಕರೆ ಬಂತು. "ನೀನು ಹೋಗು" ಎಂದರು ಗಂಡ. "ಉಳಿದಿರೋದು ಉಗ್ರಾಣದ್ದು. ನಮ್ಮ ಮನೆ ಬಾಗಿಲು, ನಾನೇ ಹೇಳಿ ಬರೆಸ್ತೀನಿ." ಅಕ್ಕ ಹೋದ ಮೇಲೆ ಒಳಗಿನಿಂದ ಜೇಡಪ್ಪನ "ಅಯ್ಯೋ ಭಾವ, ಬೇಡ" ಎಂಬ ಮಾತೂ, ಭಾವನ "ಒತ್ತಪ್ಪ ನೀನು" ಎಂಬ ಮಾತೂ ಕಾರಿಡಾರಿನವರೆಗೆ ಕೇಳಿಸಿತು. ಇಂಥದ್ದನ್ನು ಕೇಳಿಸಿಕೊಳ್ಳುವುದರಲ್ಲಿ ಅಕ್ಕನನ್ನು ಮೀರಿಸಿದವರಿಲ್ಲ. ಆದರೂ ಹಿಂದಿರುಗಿ ಕೇಳಲಿಲ್ಲ.

ಗುರುವಾರ ಹತ್ತು ಗಂಟೆಗೆ ಅಧೀಕ್ಷಕಿ ಮೇಡಂ ಬಂದು ಅಕ್ಕನ ಪಕ್ಕ ಕೂತರು; ಕೈಯಲ್ಲಿ ಸಮಯ ಅಳೆಯಲು ಮೊಬೈಲು, ಬರೆದುಕೊಳ್ಳಲು ಪುಸ್ತಕ. ಜೇಡಪ್ಪ ಬಾಗಿಲ ಬಳಿ ನಿಂತು ಉಗುರು ಕಚ್ಚುತ್ತಿದ್ದ. ಗಂಡ ಬರಲಿಲ್ಲ, ಒಗೆದ ಬಟ್ಟೆಯ ಗಾಡಿ ಬರುವ ಹೊತ್ತು. ಅಕ್ಕ ಒಂದು ಕಿವಿಗೆ ಗಿಳಿಯನ್ನು, ಇನ್ನೊಂದಕ್ಕೆ ಫೋನನ್ನು ಸಿಕ್ಕಿಸಿಕೊಂಡರು.

ಮೊದಲ ಕರೆ ಮೂಳೆ, ಇಪ್ಪತ್ತೆರಡು ಸೆಕೆಂಡು. ಎರಡನೆಯದು ಹೆರಿಗೆ ವಾರ್ಡು, ಹತ್ತೊಂಬತ್ತು. ಬಾಗಿಲ ಮೇಲೆ ಹೆಸರಿದ್ದರೆ ಮನೆ ಹುಡುಕುವುದು ಎಷ್ಟು ಹೊತ್ತಿನ ಕೆಲಸ! ನಾಲ್ಕನೆಯ ಕರೆ ಕಿವಿ ಡಾಕ್ಟರ ಬಗ್ಗೆ. 'ಶುಕ್ರವಾರ' ಎಂಬ ಮಾತು ಅಕ್ಕನ ತುಟಿಯವರೆಗೆ ಬಂದಿತ್ತು. ಆ ಮುದುಕರು ನೆನಪಾದರು. ಮಾತನ್ನು ನುಂಗಿ, ಪುಟ ತೆರೆದು, ಕೇಳಿದರು. "ಈ ವಾರ ಮಾತ್ರ ಶನಿವಾರ ಬರ್ತಾರಮ್ಮ, ಒಂಬತ್ತೂವರೆಗೆ" ಎಂದರು. ಜೇಡಪ್ಪ ಅದನ್ನು ಆ ಬೆಳಿಗ್ಗೆಯಷ್ಟೇ ಬದಲಾಯಿಸಿದ್ದ. ಮೇಡಂ ತಲೆಯೆತ್ತಿ ಅವನನ್ನು ನೋಡಿದರು. ಅವನು ಉಗುರು ಕಚ್ಚುವುದನ್ನು ನಿಲ್ಲಿಸಿದ.

ಹತ್ತನೆಯ ಕರೆ ಒಬ್ಬ ಹೆಂಗಸಿನದು. ಅಮ್ಮನನ್ನು ನಿನ್ನೆ ಮನೆಗೆ ಕರೆತಂದರಂತೆ; ಅಮ್ಮನ ಶಾಲು ವಾರ್ಡಿನ ಹಾಸಿಗೆಯಲ್ಲೇ ಉಳಿದು, ಒಗೆಯುವ ಬಟ್ಟೆಯ ಜೊತೆ ಹೋಗಿರಬೇಕು. ಅದಿಲ್ಲದೆ ಅಮ್ಮ ಮಲಗುತ್ತಿಲ್ಲ. ಎಲ್ಲಿ ಕೇಳಬೇಕು?

ಅಕ್ಕ ಉಗ್ರಾಣದ ಪುಟ ತೆರೆದರು. ಗಿಳಿ ಎಂದಿನ ನಿರ್ವಿಕಾರ ದನಿಯಲ್ಲಿ ಅವರ ಎಡಗಿವಿಗೆ ಹೇಳಿತು: "ಬಟ್ಟೆ ಉಗ್ರಾಣ: ಮರೆತ ವಸ್ತು ವಾಪಸು, ಕುರ್ಚಿ ಹಾಗೇ ಇದೆ, ಒಂದು ಗಂಟೆಗೆ ಊಟಕ್ಕೆ ಬಾ, ಆಸ್ಪತ್ರೆ."

ಅಕ್ಕ ನಕ್ಕುಬಿಟ್ಟರು. ಫೋನಿನಲ್ಲಿದ್ದ ಹೆಂಗಸೂ ಕಾರಣ ತಿಳಿಯದೆ ಒಂದಿಷ್ಟು ನಕ್ಕಳು. "ಉಗ್ರಾಣದಲ್ಲಿ ಸಿಗುತ್ತಮ್ಮ, ಹಿಂದಿನ ಕಟ್ಟಡ, ನೆಲಮಹಡಿ. ನಾಲ್ಕು ಗಂಟೆವರೆಗೆ ಇರ್ತಾರೆ. ಅಲ್ಲಿರೋರು ಏನನ್ನೂ ಕಳೆಯೋ ಪೈಕಿಯಲ್ಲ, ಧೈರ್ಯವಾಗಿ ಬನ್ನಿ" ಎಂದರು. ನಲವತ್ತೊಂದು ಸೆಕೆಂಡು, ಅದರಲ್ಲಿ ನಗೆಗೆ ಐದು.

"ಏನು ತಮಾಷೆ?" ಎಂದರು ಮೇಡಂ.

"ಗಿಳಿ ಏನೋ ಅಂತು ಮೇಡಂ."

ಮೇಡಂ ತೆರೆಯನ್ನು ನೋಡಿದರು. ಅಲ್ಲಿ ದಪ್ಪಕ್ಷರದಲ್ಲಿ 'ಬಟ್ಟೆ ಉಗ್ರಾಣ' ಎಂದಷ್ಟೇ ಕಂಡಿತು. ಕಣ್ಣಿದ್ದವರು ತುದಿಯ ಸಣ್ಣ ಪಟ್ಟಿಯನ್ನು ನೋಡುವುದಿಲ್ಲ. 'ಹತ್ತೂ ಕರೆ ಸರಿ. ನಗುತ್ತ ಉತ್ತರಿಸುತ್ತಾರೆ' ಎಂದು ಬರೆದುಕೊಂಡರು. ಎದ್ದು ಹೊರಡುವಾಗ, "ಆ ಕಿವಿ ಡಾಕ್ಟರ ವಿಷಯ ನನಗೂ ಗೊತ್ತಿರ್ಲಿಲ್ಲ. ನೀವು ಇಲ್ಲೇ ಇರಿ ಅಕ್ಕಾ" ಎಂದರು. ಅಕ್ಕಾ ಎಂದದ್ದು ಅವರು ಅದೇ ಮೊದಲ ಸಲ.

ಮೇಡಂ ಮೂಲೆ ತಿರುಗುವುದನ್ನೇ ಕಾದಿದ್ದ ಜೇಡಪ್ಪ ಓಡಿಬಂದ. "ಅಕ್ಕಾ, ನಾನು ಬೇಡ ಅಂದೆ, ಭಾವ ಕೇಳ್ಲಿಲ್ಲ. ಈಗಲೇ ತೆಗೆದುಬಿಡ್ತೀನಿ. ನಿಯಮಕ್ಕೆ ವಿರುದ್ಧ."

"ನಿಯಮ ಏನನ್ನುತ್ತೆ ಹೇಳು."

ಈಗ ಅವನಿಗೆ ಬಾಯಿಪಾಠವಾಗಿತ್ತು. "ಪ್ರತಿ ಪುಟಕ್ಕೂ ಅದರ ವಿಷಯವನ್ನೋ ಉದ್ದೇಶವನ್ನೋ ತಿಳಿಸೋ ತಲೆಬರಹ ಇರಬೇಕು."

"ಉದ್ದೇಶ ತಿಳಿಸಿದೆಯಲ್ಲ!"

ಜೇಡಪ್ಪನ ಕೈ ಆಗಲೇ ಕೀಲಿಮಣೆಯತ್ತ ಹೋಗಿತ್ತು.

"ಒಂದು ಗಂಟೆಗೆ ತೆಗಿ" ಎಂದರು ಅಕ್ಕ. "ನನ್ನ ಥರದೋರು ಇನ್ಯಾರಾದ್ರೂ ಕೇಳಿಸ್ಕೊಂಡು ಊಟಕ್ಕೆ ಹೋಗಿಬಿಟ್ಟಾರು. ಆಮೇಲೆ ಹೋಗಿ ಗೋಡೆ ಮೇಲಿನ ನಿನ್ನ ಎ-ಗೆ ಚೆನ್ನಾಗಿ ಅಂಟು ಹಾಕು."

ಒಂದು ಗಂಟೆಗೆ ಅಕ್ಕ ಊಟದ ಡಬ್ಬಿ ಹಿಡಿದು ಉಗ್ರಾಣಕ್ಕೆ ಹೋದರು. ಸೋಪಿನ ವಾಸನೆ, ಬಿಸಿ ಇಸ್ತ್ರಿಯ ವಾಸನೆ. ಯಾರದೋ ಶಾಲನ್ನು ಬೇರೆ ಮಾಡಿ ಮಡಚಿಟ್ಟದ್ದು ಕೈಗೆ ತಾಗಿತು. ಕುರ್ಚಿ ಕಿಟಕಿಯ ಬಳಿಯೇ ಇತ್ತು. ಕೂತು, ಬೇಕೆಂದೇ ಒಂದು ಸಲ ಅತ್ತಿತ್ತ ಅಲುಗಿ ನೋಡಿದರು. ಆಡಲಿಲ್ಲ.

"ಕೇಳಿಸ್ತಾ?" ಎಂದರು ಗಂಡ, ಇನ್ನೊಂದು ಡಬ್ಬಿಯ ಮುಚ್ಚಳ ತೆಗೆಯುತ್ತ.

"ಕೇಳಿಸ್ತು. ಐವತ್ತೆಂಟರಲ್ಲಿ ಅದೊಂದೇ ಉದ್ದ ಜಾಸ್ತಿ. ಬೇರೆಯವರದ್ದಾದ್ರೆ ಪದ ಪದ ಕಿತ್ತು ಹಾಕ್ತಿದ್ರಿ."

ಗಂಡ ನಿಜವಾಗಿಯೂ ಯೋಚನೆಗೆ ಬಿದ್ದರು. ಗಾಳಿಯಲ್ಲಿ ಬೆರಳಾಡಿಸಿ, ಸೀಸದ ಅಕ್ಷರಗಳನ್ನು ಎಣಿಸಿದರು. "ಹೌದು ಕಣೇ. ಯಾವ ಪದ ತೆಗೀಬೇಕಿತ್ತು?"

ಅಕ್ಕ ಒಂದು ತುತ್ತು ತಿಂದು, ಇನ್ನೊಂದು ತುತ್ತು ಕಲಸುತ್ತ ಹೇಳಿದರು: "ಆಸ್ಪತ್ರೆ."